ಗಳಿಗೆ, ತಾಸು, ಗಂಟೆ: ಎಣಿಕೆ ಎಲ್ಲಿಂದ?

(ಇತಿಹಾಸಾಸಕ್ತರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಮನೆಯಲ್ಲಿ ಬಹುಕಾಲ ನಡೆದ ಒಂದು ವಾದದಿಂದ ಮಾತು ಆರಂಭಿಸುತ್ತೇನೆ. ನನ್ನ ತಾಯಿ ಹುಟ್ಟಿದ್ದು 1930ರ ದಶಕದಲ್ಲಿ, ಸಾಗರ ಸೀಮೆಯ ಒಂದು ಹಳ್ಳಿಯಲ್ಲಿ. ಅಜ್ಜ ಬರೆದಿಟ್ಟ ಜಾತಕದಲ್ಲಿ ‘ಆಶ್ವಯುಜ ಮಾಸ, ಸೋಮವಾರ, ಉದಯಾದಿ ಗಳಿಗೆ 52, ವಿಗಳಿಗೆ 30’ ಎಂದಿದೆ. ಶಾಲೆಯ ದಾಖಲೆಯಲ್ಲಿರುವ ತಾರೀಖು ನೋಡಿದರೆ ಅಂದು ಮಂಗಳವಾರ. ಎರಡರಲ್ಲಿ ಒಂದು ತಪ್ಪಿರಲೇಬೇಕು ಎಂದು ಅಣ್ಣನೂ ನಾನೂ ವರ್ಷಗಟ್ಟಲೆ ವಾದಿಸಿದೆವು. ಅಣ್ಣ ಅಜ್ಜನ ಕಡೆ, ನಾನು ಶಾಲೆಯ ಕಡೆ. ಅಮ್ಮನನ್ನು ಕೇಳಿದರೆ, “ಬೆಳಗಿನ ಜಾವ ಹುಟ್ಟಿದ್ದಂತೆ ಕಣೋ, ಇನ್ನೂ ಕೋಳಿ ಕೂಗಿರಲಿಲ್ಲವಂತೆ” ಎನ್ನುತ್ತಿದ್ದಳು.

ಲೆಕ್ಕ ಕಷ್ಟದ್ದೇನಲ್ಲ. ಒಂದು ಹಗಲು ಒಂದು ರಾತ್ರಿ ಸೇರಿದರೆ 60 ಗಳಿಗೆ. ಹಾಗಾಗಿ ಒಂದು ಗಳಿಗೆಗೆ 24 ನಿಮಿಷ. ಗಳಿಗೆಯ ಅರವತ್ತನೆಯ ಒಂದು ಪಾಲು ವಿಗಳಿಗೆ, ಅಂದರೆ 24 ಸೆಕೆಂಡು. ಎರಡು ಗಳಿಗೆ ಕೂಡಿದರೆ ಒಂದು ಮುಹೂರ್ತ, 48 ನಿಮಿಷ. ಏಳೂವರೆ ಗಳಿಗೆಗೆ ಒಂದು ಜಾವ, ಮೂರು ಗಂಟೆ. ಎರಡೂವರೆ ಗಳಿಗೆ ಒಂದು ಗಂಟೆಗೆ ಸಮ ಎಂಬುದೊಂದನ್ನು ನೆನಪಿಟ್ಟುಕೊಂಡರೆ ಮಿಕ್ಕದ್ದೆಲ್ಲ ಬಾಯಿಲೆಕ್ಕ.

ಈ ಲೆಕ್ಕದಂತೆ ಅಜ್ಜನ ಐವತ್ತೆರಡೂವರೆ ಗಳಿಗೆ ಸರಿಯಾಗಿ 21 ಗಂಟೆ. ಸೋಮವಾರ 21 ಗಂಟೆ ಎಂದರೆ ರಾತ್ರಿ ಒಂಬತ್ತು ತಾನೆ? ಅಮ್ಮ ಹೇಳುವುದು ಬೆಳಗಿನ ಜಾವ. ಅಲ್ಲಿಗೆ ಜಾತಕವೇ ತಪ್ಪು ಎಂದು ಗೆದ್ದವನಂತೆ ಸಾರಿದೆ. ತಪ್ಪಿದ್ದು ನಾನು. ಗುಣಾಕಾರ ಸರಿಯಾಗಿತ್ತು, ಎಣಿಕೆ ಶುರುಮಾಡಿದ ಜಾಗ ತಪ್ಪಾಗಿತ್ತು. ‘ಉದಯಾದಿ’ ಎಂದರೆ ಸೂರ್ಯೋದಯದಿಂದ ಮೊದಲ್ಗೊಂಡು ಎಂದರ್ಥ. ಗಡಿಯಾರದ ದಿನ ನಡುರಾತ್ರಿಗೆ ಹುಟ್ಟಿದರೆ ಪಂಚಾಂಗದ ವಾರ ಹುಟ್ಟುವುದು ಸೂರ್ಯನೊಂದಿಗೆ. ಆ ಋತುವಿನಲ್ಲಿ ನಮ್ಮ ಕಡೆ ಸೂರ್ಯೋದಯ ಸುಮಾರು 6 ಗಂಟೆ 20 ನಿಮಿಷಕ್ಕೆ. ಅದಕ್ಕೆ 21 ಗಂಟೆ ಸೇರಿಸಿ ನೋಡಿ: ನಡುರಾತ್ರಿ ದಾಟಿ 3 ಗಂಟೆ 20 ನಿಮಿಷ. ಗಡಿಯಾರಕ್ಕೆ ಆಗಲೇ ಮಂಗಳವಾರ, ಪಂಚಾಂಗಕ್ಕೆ ಇನ್ನೂ ಸೋಮವಾರ. ರಾತ್ರಿಯ ಕೊನೆಯ ಜಾವ ಆಗಷ್ಟೇ ಹಿಡಿದಿತ್ತು. ಅಜ್ಜನೂ ಸರಿ, ಶಾಲೆಯೂ ಸರಿ, ಕೋಳಿಯ ಸಾಕ್ಷ್ಯವೂ ಸರಿ!

ಈ ಗಳಿಗೆಯನ್ನು ಹಿಂದಿನವರು ಅಳೆಯುತ್ತಿದ್ದುದು ಹೇಗೆ? ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ತಿಳಿನೀರಿನ ಪಾತ್ರೆಯಲ್ಲಿ ತೇಲಿಬಿಡುವುದು. ನೀರು ತುಂಬಿ ಅದು ಮುಳುಗಿದರೆ ಒಂದು ಗಳಿಗೆ. ಅಹೋರಾತ್ರಿಯಲ್ಲಿ ಅರವತ್ತು ಸಲ ಮುಳುಗುವಂತೆ ಬಟ್ಟಲಿರಬೇಕು ಎಂದು ‘ಸೂರ್ಯಸಿದ್ಧಾಂತ’ ವಿಧಿಸುತ್ತದೆ. ಗಳಿಗೆ ಎಂಬ ಮಾತು ಬಂದದ್ದೇ ಘಟಿಕಾ, ಎಂದರೆ ಪುಟ್ಟ ಗಡಿಗೆಯಿಂದ. ಉತ್ತರ ಕರ್ನಾಟಕದವರ ‘ತಾಸು’ ಲೋಹದ ಬಟ್ಟಲನ್ನು ಹೇಳುವ ಪಾರಸಿ ಮಾತು. ‘ಗಂಟೆ’ಯಂತೂ ಬಾರಿಸುವ ಗಂಟೆಯೇ. ಕಾಲವನ್ನು ನಾವು ಕಂಡದ್ದಕ್ಕಿಂತ ಅದರ ಪಾತ್ರೆ ಪಡಗಗಳನ್ನು ಕಂಡದ್ದೇ ಹೆಚ್ಚು.

ಎಣಿಕೆಯ ಮೊದಲು ಸೂರ್ಯೋದಯವಾದರೆ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಉಂಟು: ಯಾವ ಊರಿನ ಸೂರ್ಯೋದಯ? ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತದೆ. ಗಳಿಗೆಗೆ ಆರು ಡಿಗ್ರಿ, ಡಿಗ್ರಿಗೆ ನಾಲ್ಕು ನಿಮಿಷ. ಕೋಲಾರಕ್ಕೂ ಕಾರವಾರಕ್ಕೂ ರೇಖಾಂಶದಲ್ಲಿ ಸುಮಾರು ನಾಲ್ಕು ಡಿಗ್ರಿ ಅಂತರ. ಆದ್ದರಿಂದ ಕೋಲಾರ ಕಂಡ ಸೂರ್ಯನನ್ನು ಕಾರವಾರ ಕಾಣುವುದು ಸರಾಸರಿ 16 ನಿಮಿಷ ತಡವಾಗಿ, 40 ವಿಗಳಿಗೆಯ ಮೇಲೆ. 1906ರ ಜನವರಿ 1ರಂದು ಜಾರಿಗೆ ಬಂದ ಭಾರತೀಯ ಕಾಲಮಾನ ಎಂಬತ್ತೆರಡೂವರೆ ಡಿಗ್ರಿ ರೇಖಾಂಶದ್ದು. ಬೆಂಗಳೂರು ಅದಕ್ಕಿಂತ ಸುಮಾರು ಐದು ಡಿಗ್ರಿ ಪಶ್ಚಿಮಕ್ಕಿದೆ. ಗಡಿಯಾರದಲ್ಲಿ ಹನ್ನೆರಡು ಬಾರಿಸಿದಾಗ ಬೆಂಗಳೂರಿನ ಸೂರ್ಯ ನೆತ್ತಿಗೆ ಬರಲು, ಸರಾಸರಿಯಲ್ಲಿ, ಇನ್ನೂ 20 ನಿಮಿಷ ಬೇಕು. ಒಂದು ಊರಿಗೆ ಗಣಿಸಿದ ಪಂಚಾಂಗವನ್ನು ಇನ್ನೊಂದು ಊರಿನಲ್ಲಿ ಹಾಗೆಹಾಗೆಯೇ ಬಳಸಬಾರದೆಂಬುದು ಇದಕ್ಕೇ.

ಮೂರನೆಯ ಎಚ್ಚರಿಕೆ ಮಾತಿನದು. ನಿಮಿಷ ಎಂದರೆ ಮೂಲದಲ್ಲಿ ಕಣ್ಣಿನ ರೆಪ್ಪೆ ಬಡಿಯುವಷ್ಟು ಹೊತ್ತು. ಮನುಸ್ಮೃತಿಯಲ್ಲಿ 18 ನಿಮಿಷಕ್ಕೆ ಒಂದು ಕಾಷ್ಠಾ, 30 ಕಾಷ್ಠಾಕ್ಕೆ ಒಂದು ಕಲಾ, 30 ಕಲೆಗೆ ಒಂದು ಮುಹೂರ್ತ. ಲೆಕ್ಕ ಹಾಕಿದರೆ ಇಂದಿನ ಒಂದು ನಿಮಿಷದಲ್ಲಿ ಅಂದಿನ ಮುನ್ನೂರ ಮೂವತ್ತೇಳೂವರೆ ನಿಮಿಷಗಳು! ಅಮರಕೋಶವೋ 30 ಕಲೆಗೆ ಒಂದು ಕ್ಷಣ, 12 ಕ್ಷಣಕ್ಕೆ ಒಂದು ಮುಹೂರ್ತ ಎನ್ನುತ್ತದೆ. ಅಲ್ಲಿಯ ಕ್ಷಣ ನಮ್ಮ ನಾಲ್ಕು ನಿಮಿಷ. “ಒಂದು ಕ್ಷಣ ಇರಿ, ಬಂದೆ” ಎಂದು ಒಳಗೆ ಹೋದವರು ನಾಲ್ಕು ನಿಮಿಷ ಬಿಟ್ಟು ಬಂದರೆ ಅಮರಸಿಂಹ ಅವರನ್ನು ಆಕ್ಷೇಪಿಸಲಾರ. ಆದರೆ ಎರಡು ಗ್ರಂಥಗಳ ನಿಮಿಷಗಳು ಒಂದೇ ಎಂದು ತಿಳಿದು ಕೂಡಿಸಿದವರ ಲೆಕ್ಕ ಹನ್ನೆರಡು ಪಟ್ಟು ತಪ್ಪುತ್ತದೆ.

ಜಾತಕವೋ ಹಳೆಯ ಕಡತವೋ, ಮುಂದೆ ನಿಮ್ಮ ಕೈಗೆ ಬಂದಾಗ ಗುಣಿಸುವ ಮೊದಲು ಮೂರು ಪ್ರಶ್ನೆ ಕೇಳಿ. ಎಣಿಕೆ ಎಲ್ಲಿಂದ? ಯಾವ ಊರಿನದು? ಆ ಮಾತಿಗೆ ಆ ಬರಹದಲ್ಲಿ ಅರ್ಥವೇನು? ಕೇಳದೆ ಹೋದರೆ ಹಿರಿಯರಿಗೆ ಲೆಕ್ಕ ಬರುತ್ತಿರಲಿಲ್ಲ ಎಂಬ ತೀರ್ಮಾನಕ್ಕೆ, ನನ್ನ ಹಾಗೆ, ಬಲುಬೇಗ ಬರುತ್ತೇವೆ.

ಈ ಲೆಕ್ಕ ನನಗೆ ಹೊಳೆಯುವ ವೇಳೆಗೆ ಅಣ್ಣ ತೀರಿಕೊಂಡಿದ್ದ. ಅವನ ಬಳಿ ಸೋಲು ಒಪ್ಪಿಕೊಳ್ಳಲಾಗಲಿಲ್ಲ. ಅಮ್ಮನಿಗೆ ಮಾತ್ರ ಕಾಗದದ ಮೇಲೆ ಬರೆದು ತೋರಿಸಿದೆ. ಅವಳು ನೋಡಿ, “ನಾನು ಹೇಳಿದ್ದೂ ಅದನ್ನೇ ಅಲ್ಲವೇನೋ?” ಎಂದಳು.