ಎರಡನೇ ಟರ್ಮಿನಲ್ ಮತ್ತು ಹದಿನೈದು ವರ್ಷದ ಷರತ್ತು



ಬೆಂಗಳೂರಿನ ವಿಮಾನ ನಿಲ್ದಾಣದ ಬಗ್ಗೆ ಆಂಧ್ರದ ರಾಯದುರ್ಗ ಕಡೆಯ ಗುಮ್ಮಘಟ್ಟದಲ್ಲಿ ವಿಚಾರ ಸಂಕಿರಣವೇ ಎಂದು ಕೇಳುವವರಿದ್ದಾರೆ. ಇಲ್ಲೇ ಆಗಬೇಕು ಎಂಬುದು ನನ್ನ ನಂಬಿಕೆ. ಮಡಕಶಿರಾದವರು ಹಿಂದೂಪುರ, ಗೌರಿಬಿದನೂರು, ದೊಡ್ಡಬಳ್ಳಾಪುರ ದಾಟಿದರೆ ಆ ನಿಲ್ದಾಣವಿರುವ ದೇವನಹಳ್ಳಿ ಬಂತು. ಮಳೆ ಕೈಕೊಟ್ಟ ವರ್ಷ ಶೇಂಗಾ ಹೊಲ ಬಿಟ್ಟು ಈ ಸೀಮೆಯ ಜನ ದುಡಿಮೆಗೆ ಹೊರಡುವುದು ಬೆಂಗಳೂರಿನ ದಿಕ್ಕಿಗೇ.

ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ 2022ರ ನವೆಂಬರ್ 11ರಂದು ಉದ್ಘಾಟನೆಯಾಯಿತು. 2023ರ ಜನವರಿ 15ರಂದು ಅಲ್ಲಿಂದ ಹೊರಟ ಮೊದಲ ವಿಮಾನ ಹೋದದ್ದು ಕಲಬುರಗಿಗೆ. ಅದು ನನಗೆ ಬಹಳ ಹಿಡಿಸಿದ ಸಂಗತಿ. ಅದೇ ವರ್ಷದ ಸೆಪ್ಟೆಂಬರ್ 12ರಿಂದ ವಿದೇಶಿ ವಿಮಾನಗಳೂ ಅಲ್ಲಿಗೆ ಬಂದವು. ಸುಮಾರು 5,000 ಕೋಟಿ ರೂಪಾಯಿ ವೆಚ್ಚ, ವರ್ಷಕ್ಕೆ 2.5 ಕೋಟಿ ಪ್ರಯಾಣಿಕರನ್ನು ನಿಭಾಯಿಸುವ ಸಾಮರ್ಥ್ಯ. ಬಿದಿರು ಹೊದ್ದ ಚಾವಣಿ, ತೂಗುವ ಗಿಡಬಳ್ಳಿಗಳು. ಚೆಲುವಾದ ಕಟ್ಟಡ, ಮನಸಾರೆ ಮೆಚ್ಚೋಣ.

ಆದರೆ ಇಷ್ಟು ದೊಡ್ಡ ನಿಲ್ದಾಣ ನಡೆಯುವುದು ಹಾರುವವರಿಂದ ಮಾತ್ರವಲ್ಲ. ಸಾಮಾನು ಸಾಗಿಸುವವರು, ಶುಚಿ ಮಾಡುವವರು, ಅಡುಗೆಯವರು, ಕಾವಲಿನವರು, ಚಾಲಕರು, ತಂತ್ರಜ್ಞರು, ಮಾಹಿತಿ ಮೇಜಿನಲ್ಲಿ ಕೂತವರು ಇವರೆಲ್ಲ ಮೂರು ಪಾಳಿಯಲ್ಲಿ ದುಡಿಯಬೇಕು. ಆ ಕೆಲಸ ಯಾರಿಗೆ ಎಂಬ ಪ್ರಶ್ನೆ ಬಂದಾಗ ಗುಮ್ಮಘಟ್ಟದ ಹುಡುಗಿ ಯಾರ ಲೆಕ್ಕಕ್ಕೆ ಸೇರುತ್ತಾಳೆ?

ಈ ಪ್ರಶ್ನೆಯ ಬೇರು ಗಡಿಯ ಇತಿಹಾಸದಲ್ಲಿದೆ. 1953ರ ಅಕ್ಟೋಬರ್ 1ರವರೆಗೆ ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆಯದು. ಆ ದಿನ ಬಳ್ಳಾರಿ ಮೈಸೂರಿಗೆ ಸೇರಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಮಡಕಶಿರಾ ಅನಂತಪುರ ಜಿಲ್ಲೆಯಲ್ಲಿತ್ತು, 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಜಿಲ್ಲೆಯ ಹೆಸರು ಬದಲಾದರೂ ಮನೆಮಾತಾದ ಕನ್ನಡ ಬದಲಾಗಲಿಲ್ಲ. ಕರ್ನಾಟಕ ಸರ್ಕಾರ ಇದನ್ನು ಬಲ್ಲದು. ವೃತ್ತಿ ಶಿಕ್ಷಣದ ಸೀಟು ಹಂಚುವಾಗ ಗಡಿನಾಡ ಕನ್ನಡಿಗರಿಗೆಂದೇ ಅವಕಾಶವಿದೆ, ರಾಯದುರ್ಗ, ಮಡಕಶಿರಾಗಳ ಹೆಸರು ಅದರಲ್ಲಿದೆ. ಅಂದರೆ ನಮ್ಮ ಹುಡುಗಿ ಎಂಜಿನಿಯರಿಂಗ್ ಓದಲು ಹೋದರೆ ಕನ್ನಡತಿ.

ಕೆಲಸ ಕೇಳಲು ಹೋದಾಗ ಅಳತೆ ಬೇರೆ. ಕನ್ನಡಿಗರ ಉದ್ಯೋಗದ ಬಗೆಗಿನ 1986ರ ಸರೋಜಿನಿ ಮಹಿಷಿ ವರದಿಯ ಪ್ರಕಾರ ಕನ್ನಡಿಗರೆನಿಸಲು ರಾಜ್ಯದಲ್ಲಿ 15 ವರ್ಷ ನೆಲೆಸಿರಬೇಕು, ಕನ್ನಡ ಓದು ಬರಹ ಬರಬೇಕು. 2024ರ ಜುಲೈಯಲ್ಲಿ ಸಚಿವ ಸಂಪುಟ ಒಪ್ಪಿದ ಸ್ಥಳೀಯರ ಉದ್ಯೋಗ ಮಸೂದೆ ಇನ್ನೂ ಬಿಗಿಯಾಗಿತ್ತು: ರಾಜ್ಯದಲ್ಲೇ ಹುಟ್ಟಿರಬೇಕು, 15 ವರ್ಷ ನೆಲೆಸಿರಬೇಕು, ಕನ್ನಡವೂ ಬರಬೇಕು. ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಸ್ಥಳೀಯರಿಗೆ ಎಂದಿತ್ತು. ಉದ್ಯಮಿಗಳ ವಿರೋಧದಿಂದ ಎರಡೇ ದಿನಕ್ಕೆ ಅದನ್ನು ತಡೆಹಿಡಿಯಲಾಯಿತು. ಆ ಗದ್ದಲದಲ್ಲಿ ಉದ್ಯಮಿಗಳ ಕಷ್ಟ ಕೇಳಿಸಿತು, ಬೆಂಗಳೂರಿನ ನಿರುದ್ಯೋಗಿಗಳ ಸಂಕಟವೂ ಕೇಳಿಸಿತು. ಒಂದನೇ ತರಗತಿಯಿಂದ ಕನ್ನಡದಲ್ಲೇ ಓದಿದ ಗಡಿಯಾಚೆಯ ಮಗುವಿನ ಮಾತನ್ನು ಎತ್ತಿದವರು ವಿರಳ.

ಆ ಮಗುವಿಗೂ ಕೆಲಸದಲ್ಲಿ ಪಾಲು ಕೊಡಿ ಎಂದರೆ ಕರ್ನಾಟಕದೊಳಗಿನ ನಿರುದ್ಯೋಗಿ ತಕರಾರು ತೆಗೆಯಬಹುದು. ಅವನ ಪಾಲನ್ನು ನಾವೇಕೆ ಕೇಳಬೇಕು? ಅದು ನ್ಯಾಯವಾದ ಪ್ರಶ್ನೆ, ಅದಕ್ಕೆ ಅಭಿಮಾನದ ಭಾಷಣ ಉತ್ತರವಾಗದು. ಗಡಿ ತಾಲ್ಲೂಕುಗಳ ಕನ್ನಡ ಶಾಲೆಗಳಿಂದ ವರ್ಷಕ್ಕೆ ಎಷ್ಟು ಮಕ್ಕಳು ಹೊರಬರುತ್ತಾರೆ, ಎಷ್ಟು ಮಂದಿ ಬೆಂಗಳೂರಿಗೆ ಹೋಗುತ್ತಾರೆ, ಯಾವ ಕೆಲಸಕ್ಕೆ ಸೇರುತ್ತಾರೆ ಎಂಬ ಲೆಕ್ಕ ಬೇಕು. ಮೇಷ್ಟ್ರುಗಳೇ, ಹಾಜರಿ ಪುಸ್ತಕಗಳು ನಿಮ್ಮ ಬಳಿ ಇವೆ. ಆ ಲೆಕ್ಕ ಕೈಯಲ್ಲಿದ್ದರೆ ನಾವು ಕೇಳುವುದು ಸಣ್ಣ ಪಾಲು ಎಂದು ತೋರಿಸಬಹುದು, ಅದು ನನ್ನ ಭರವಸೆ. ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೆ ಹೊಟ್ಟೆಪಾಡಿನಲ್ಲೂ ಬೆಲೆಯಿದೆ ಎಂದು ಗೊತ್ತಾಗದಿದ್ದರೆ ಯಾವ ತಾಯಿ ತಂದೆ ಮಕ್ಕಳನ್ನು ಆ ಶಾಲೆಗೆ ಕಳಿಸುತ್ತಾರೆ?

 

ಮೊದಲ ಗೋಷ್ಠಿಗೆ ನನ್ನ ಕೋರಿಕೆ ಒಂದೇ. ಸೀಟು ಹಂಚಿಕೆಯಲ್ಲಿ ಒಪ್ಪಿಕೊಂಡಿರುವ ಗಡಿನಾಡ ಕನ್ನಡಿಗರ ಪಟ್ಟಿಯನ್ನೇ ಉದ್ಯೋಗದ ವ್ಯಾಖ್ಯೆಗೂ ಸೇರಿಸಿ ಎಂಬ ಒಂದು ವಾಕ್ಯದ ತಿದ್ದುಪಡಿಯನ್ನು ಕಾನೂನಿನ ಭಾಷೆಯಲ್ಲಿ ಬರೆಯಿರಿ. ಮಸೂದೆ ಮತ್ತೆ ಮೇಜಿಗೆ ಬರುವ ಮೊದಲು ಅದು ಬೆಂಗಳೂರು ತಲುಪಬೇಕು.