ದುರ್ಬೀನಿನ ಗಾಜಿಗೆ ಕೂರುವ ಮಂಜು

(ಕೊಡಗಿನಲ್ಲಿ ನಡೆದ ರೈತ ತರಬೇತಿ ಶಿಬಿರವೊಂದರಲ್ಲಿ ಬೇಸಾಯಶಾಸ್ತ್ರದ ಉಪನ್ಯಾಸಕರು ಮಾಡಿದ ಭಾಷಣ)



ಬೇಸಾಯದ ಮೇಷ್ಟ್ರು ಕೋವಿಯ ಮಾತೆತ್ತಿದರಲ್ಲ ಎಂದು ನಿಮಗೆ ಆಶ್ಚರ್ಯವಾಗಬಹುದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಕೋವಿ ಪರವಾನಗಿಯ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ, 2029ರ ವರೆಗೆ ಮುಂದುವರಿಸಿದೆ. ಹೀಗಾಗಿ ಇಲ್ಲಿನ ಕೆಲವು ಮನೆಗಳಲ್ಲಾದರೂ ದುರ್ಬೀನು ಕೂರಿಸಿದ ಕೋವಿ ಇದ್ದೀತು. ಇಲ್ಲದವರ ಮನೆಯಲ್ಲಿ ಕನ್ನಡಕವಂತೂ ಇದೆ, ಔಷಧಿ ಹೊಡೆಯುವಾಗ ಹಾಕುವ ರಕ್ಷಣಾ ಕನ್ನಡಕವೂ ಇರಬೇಕು. ಮಂಜು ಕೂರುವ ಬಗೆ ಎಲ್ಲಕ್ಕೂ ಒಂದೇ.

ನನ್ನ ಅಕ್ಕನ ಗಂಡ ದಕ್ಷಿಣ ಕೊಡಗಿನ ಗದ್ದೆಯವರು. ಒಂದು ಡಿಸೆಂಬರಿನಲ್ಲಿ ಭತ್ತ ಕೊಯ್ಲಿಗೆ ಬಂದಿತ್ತು, ಹಂದಿಯ ಕಾಟ ವಿಪರೀತ. ಗಾಳಿಗೆ ಒಂದು ಗುಂಡು ಹಾರಿಸಿ ಓಡಿಸೋಣವೆಂದು ಭಾವನವರು ಬೆಳಗಿನ ಜಾವ ನಾಲ್ಕಕ್ಕೆ ಅಟ್ಟಣೆ ಹತ್ತಿ ಕುಳಿತರು. ಆರರ ಹೊತ್ತಿಗೆ ಬದುವಿನ ಹತ್ತಿರ ಏನೋ ಕದಲಿತು. ಏನೆಂದು ನೋಡಲು ದುರ್ಬೀನಿಗೆ ಕಣ್ಣು ಇಟ್ಟರು. ಎಲ್ಲವೂ ಹಾಲು ಚೆಲ್ಲಿದಂತೆ ಬಿಳಿ. ಹೊದ್ದಿದ್ದ ಶಾಲಿನ ತುದಿಯಿಂದ ಒರೆಸಿದರು, ಇನ್ನಷ್ಟು ಕಲಸಿಹೋಯಿತು. ನಡುವೆ ಕಪ್ಪಗೆ ಒಂದು ಆಕಾರ ಮಾತ್ರ. ಅಷ್ಟರಲ್ಲಿ ಆ ಆಕಾರ ಕೆಮ್ಮಿತು. ಗದ್ದೆಯ ನೀರು ಬಿಡಲು ಬಂದಿದ್ದ ಪಕ್ಕದ ಮನೆಯವರು! ಭಾವನವರಿಗೆ ಯಾರ ಮೇಲೂ ಗುಂಡು ಹಾರಿಸುವ ಯೋಚನೆಯಿರಲಿಲ್ಲ, ನಿಜ. ಆದರೆ ಕೋವಿಯ ನಳಿಗೆ ಅಷ್ಟು ಹೊತ್ತೂ ಒಬ್ಬ ಮನುಷ್ಯನ ಎದೆಯ ಕಡೆಗೇ ಇತ್ತು. ಆ ದಿನ ಅವರು ತಿಂಡಿ ಮುಟ್ಟಲಿಲ್ಲ ಎಂದು ಅಕ್ಕ ಹೇಳುತ್ತಿದ್ದಳು.

ಆ ಮಂಜು ಎಲ್ಲಿಂದ ಬಂತು? 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲುದು. 20 ಡಿಗ್ರಿಗೆ ಇಳಿದರೆ 17 ಗ್ರಾಂ, 10 ಡಿಗ್ರಿಗೆ ಸುಮಾರು 9 ಗ್ರಾಂ ಮಾತ್ರ. ಹಿಡಿಸಲಾರದ ಆವಿ ತಣ್ಣಗಿರುವ ವಸ್ತುವಿನ ಮೇಲೆ ಹನಿಯಾಗಿ ಕೂರುತ್ತದೆ. ಮೋಡವಿಲ್ಲದ ರಾತ್ರಿಯಲ್ಲಿ ಹುಲ್ಲಿನ ಗರಿ ಆಕಾಶಕ್ಕೆ ಶಾಖ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತ ತಣ್ಣಗಾಗಿ ಇಬ್ಬನಿ ಹಿಡಿಯುವುದಿಲ್ಲವೇ? ದುರ್ಬೀನಿಗೆ ಆದದ್ದೂ ಅದೇ. ಅದರ ಮೇಲೆ, ಕಣ್ಣು ಹತ್ತಿರ ತಂದಾಗ ಮೂಗಿನ ಬಿಸಿ ಉಸಿರು ಹಿಂದಿನ ಗಾಜಿಗೆ ಬಡಿಯುತ್ತದೆ.

ಮಂಜು ಗಾಜಿನ ಒಳಗೂ ಕೂರಬಹುದು. ಇದಕ್ಕೆ ಪರಿಹಾರ ಕಂಡವರಲ್ಲಿ ಅಮೆರಿಕದ ಆರೆಗಾನ್ ಪ್ರಾಂತದ ಲ್ಯುಪೋಲ್ಡ್ ಸಂಸ್ಥೆ ಪ್ರಮುಖವಾದುದು. ನೀರಾವರಿಯ ಅಭ್ಯಾಸ ಮಾಡಿದವರಿಗೆ ಈ ಹೆಸರು ಬೇರೆ ಕಾರಣಕ್ಕೆ ಪರಿಚಿತ: ಹೊಳೆ, ಕಾಲುವೆಗಳ ನೀರಿನ ಮಟ್ಟವನ್ನು ತಾನಾಗಿ ಗುರುತಿಸುವ ಸ್ಟೀವನ್ಸ್ ಮಾಪಕವನ್ನು ತಯಾರಿಸುತ್ತಿದ್ದವರೂ ಅವರೇ. ಆ ಮನೆತನದ ಮಾರ್ಕಸ್ ಲ್ಯುಪೋಲ್ಡರು ಬೇಟೆಗೆ ಹೋದಾಗ ದುರ್ಬೀನಿಗೆ ಮಂಜು ಹಿಡಿದು ಜಿಂಕೆ ಕೈತಪ್ಪಿತಂತೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸಂಸ್ಥೆ ದುರ್ಬೀನು ತಯಾರಿಕೆಗೆ ಇಳಿಯಿತು. ಕೊಳವೆಯೊಳಗಿನ ತೇವದ ಗಾಳಿಯನ್ನು ಹೊರಹಾಕಿ, ಒಣ ಸಾರಜನಕ ತುಂಬಿ, ಸಂದುಗಳನ್ನು ಬಿಗಿಯಾಗಿ ಮುಚ್ಚುವುದು ಅವರ ಉಪಾಯ. ನಮಗೆ ಯೂರಿಯಾದಲ್ಲಿ ಬೇಕಾದ ಸಾರಜನಕ ಅಲ್ಲಿ ಬರಿಯ ಒಣಗಾಳಿಯ ಕೆಲಸ ಮಾಡುತ್ತದೆ! ಒಳಗೆ ಮಂಜು ಕಂಡರೆ ಮುಚ್ಚಳಿಕೆ ಸಡಿಲವಾಗಿದೆ ಎಂದರ್ಥ. ಅದನ್ನು ಮನೆಯಲ್ಲಿ ಬಿಚ್ಚಬಾರದು, ರಿಪೇರಿಗೆ ಕಳುಹಿಸಬೇಕು.

ಇನ್ನು ಹೊರಮೈಗೆ ಬಳಿಯುವ ನೀರು ನಿಲ್ಲದ ಲೇಪನದ ವಿಚಾರ. ಇದು ಬಹುಮಟ್ಟಿಗೆ ಫ್ಲೋರಿನ್ ಸೇರಿದ ವಸ್ತುವಿನ ಅತಿ ತೆಳು ಪದರ. ಕೆಸುವಿನ ಎಲೆಯ ಮೇಲೆ ನೀರು ಮುತ್ತಾಗಿ ಉರುಳುವುದನ್ನು ನೀವೆಲ್ಲ ಕಂಡಿದ್ದೀರಿ. ಅಷ್ಟು ಚೆನ್ನಾಗಿ ಅಲ್ಲದಿದ್ದರೂ ಈ ಗಾಜಿನ ಮೇಲೂ ನೀರು ಹರಡದೆ ಗುಂಡಗಾಗಿ ಜಾರುತ್ತದೆ. ಮಳೆಯಲ್ಲಿ ಇದರ ಉಪಯೋಗವನ್ನು ನಾನು ಒಪ್ಪುತ್ತೇನೆ. ಆದರೆ ಇದು ಮಂಜನ್ನೂ ತಡೆಯುತ್ತದೆಂದು ನಂಬಿ ಹಣ ಕೊಡುವವರಿದ್ದಾರೆ. ಲೇಪನವು ಗಾಜನ್ನು ಬೆಚ್ಚಗೆ ಮಾಡುವುದಿಲ್ಲ, ಆದ್ದರಿಂದ ಆವಿ ಕೂತೇ ಕೂರುತ್ತದೆ, ಬಿಡಿ ಬಿಡಿ ಹನಿಯಾಗಿ. ಬೆಳಕನ್ನು ಚದುರಿಸಿ ಗಾಜನ್ನು ಬೆಳ್ಳಗೆ ಮಾಡುವುದೂ ಈ ಬಿಡಿ ಹನಿಗಳೇ.

ಮಂಜಿನ ಮದ್ದು ಇದಕ್ಕೆ ತದ್ವಿರುದ್ಧ. ನೀರು ಹನಿಗಟ್ಟದೆ ಒಂದೇ ಪೊರೆಯಾಗಿ ಹರಡಿದರೆ ಬೆಳಕು ನೇರವಾಗಿ ಹಾಯುತ್ತದೆ. ಕೋಸಿನ ಎಲೆಗೆ ಔಷಧಿ ಹೊಡೆಯುವಾಗ, ಹನಿ ಜಾರಿಹೋಗದೆ ಹರಡಲೆಂದು ದ್ರಾವಣಕ್ಕೆ ಸೋಪು ಬೆರೆಸುವ ರೂಢಿ ನಿಮಗೆ ಗೊತ್ತು. ಅದೇ ತತ್ತ್ವ ಇಲ್ಲಿಯೂ. ರಕ್ಷಣಾ ಕನ್ನಡಕದ ಒಳಮೈಗೆ ಒಂದು ತೊಟ್ಟು ಸೋಪಿನ ನೀರನ್ನು ಸವರಿ, ಒಣಗಿದ ಮೇಲೆ ಮೆತ್ತನೆಯ ಬಟ್ಟೆಯಿಂದ ಹಗುರವಾಗಿ ಉಜ್ಜಿ, ಗಾಜು ತಿಳಿಯಾಗಿ ಕಂಡೊಡನೆ ನಿಲ್ಲಿಸಿ. ಕೆಲವು ಗಂಟೆಗಳ ಮಟ್ಟಿಗೆ ಮಂಜು ಕಾಡದು. ಇದು ಸಣ್ಣ ವಿಷಯವಲ್ಲ. ಮಬ್ಬಾಯಿತೆಂದು ಕನ್ನಡಕವನ್ನು ಹಣೆಗೆ ಏರಿಸಿಕೊಂಡು ಪಂಪು ಹಿಡಿದವರನ್ನು ನಾನು ತೋಟಗಳಲ್ಲಿ ಎಷ್ಟೋ ಸಲ ನೋಡಿದ್ದೇನೆ. ಮೈಲುತುತ್ತದ ದ್ರಾವಣ ಕಣ್ಣಿಗೆ ಬಿದ್ದರೆ ಏನಾಗುತ್ತದೆಂದು ಅನುಭವಿಸಿದವರನ್ನೇ ಕೇಳಿ. ಆದರೆ ಲೇಪನವಿರುವ ದುರ್ಬೀನಿಗೆ ಸೋಪು ಬೇಡ, ತಯಾರಕರು ಹೇಳಿದ್ದನ್ನಷ್ಟೇ ಬಳಸಿ.

ದುರ್ಬೀನನ್ನು ಪಂಚೆಯ ಸೆರಗಿನಿಂದ, ಬೂದಿಯಿಂದ ಉಜ್ಜಬೇಡಿ. ಮೊದಲು ಧೂಳನ್ನು ಊದಿ, ಮೆತ್ತನೆಯ ಕುಂಚದಿಂದ ಕೊಡವಿ, ಆಮೇಲೆ ತೊಳೆದು ಒಣಗಿಸಿದ ಹತ್ತಿಬಟ್ಟೆಯಿಂದ ಒರೆಸಿ. ತಣ್ಣನೆಯ ಕೋಣೆಯಿಂದ ಸೆಕೆಯ ಹೊರಗಾಳಿಗೆ ತಂದಾಗ ಸ್ವಲ್ಪ ಹೊತ್ತು ಚೀಲದಲ್ಲೇ ಬಿಡಿ. ನೋಡುವಾಗ ಉಸಿರನ್ನು ಪಕ್ಕಕ್ಕೆ ಬಿಡಿ.

ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿರುವುದು ಏನೆಂದು ತಿಳಿಯಲು ಕೋವಿಯ ದುರ್ಬೀನನ್ನು ಎತ್ತಲೇಬೇಡಿ. ಅದು ನೋಡುವ ಕಡೆಗೇ ನಳಿಗೆಯೂ ನೋಡುತ್ತದೆ. ಬರಿಗಣ್ಣು ಸಾಲದಿದ್ದರೆ ಕೈದುರ್ಬೀನು ಬಳಸಿ, ಅದೂ ಮಬ್ಬಾದರೆ ಕೂಗಿ ಕೇಳಿ. ಹಂದಿ ಎಂದು ಖಚಿತವಾದರೂ, ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಅದನ್ನು ಹೊಡೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ.

ಮಳೆಗಾಲದಲ್ಲಿ ಇಡುವ ಬಗೆಯನ್ನು ಹಲವರು ಕೇಳಿದ್ದೀರಿ. ಚರ್ಮದ ಚೀಲದಲ್ಲಿ ಇಟ್ಟರೆ ತೇವ ನಿಂತು ಗಾಜಿನ ಮೇಲೆ ಬೂಷ್ಟು ಬೆಳೆಯುತ್ತದೆ, ಅದರ ಗುರುತು ಆಮೇಲೆ ಹೋಗದಿರಬಹುದು. ಕೋವಿಯಿಂದ ಬಿಚ್ಚಿದ ದುರ್ಬೀನನ್ನು ಗಾಳಿಯಾಡದ ಡಬ್ಬಿಯಲ್ಲಿ, ಬೀಜ ಕಾಪಾಡುವಂತೆಯೇ, ಸಿಲಿಕಾ ಜೆಲ್ ಹರಳಿನ ಗಂಟಿನೊಂದಿಗೆ ಇಡಿ. ನೀಲಿ ಹರಳು ಗುಲಾಬಿಯಾದರೆ ತೇವ ಹೀರಿದೆ ಎಂದು ತಿಳಿಯಿರಿ. ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಆ ಹರಳು ವಿಷ, ಮಕ್ಕಳ ಕೈಗೆ ಸಿಗದಿರಲಿ.