ಕ್ರಿಸ್ಮಸ್ಸಿಗೆ ಮನೆಯ ದೀಪ

ಡಿಸೆಂಬರ್ ತಿಂಗಳು ಕಾಲಿಟ್ಟಿತೆಂದರೆ ಶಿವಮೊಗ್ಗದ ಅಂಗಡಿಗಳ ಮುಂದೆ ಕಾಗದದ ನಕ್ಷತ್ರಗಳು ತೂಗಾಡತೊಡಗುತ್ತವೆ. ಬಿ.ಎಚ್. ರಸ್ತೆಯ ಸೇಕ್ರೆಡ್ ಹಾರ್ಟ್ ಚರ್ಚಿನ ಗೋದಲಿಯನ್ನು ನೋಡಲು ಹೋಗುವವರಲ್ಲಿ ಎಲ್ಲ ಮತದವರೂ ಇರುತ್ತಾರೆ. ಭದ್ರಾವತಿಯಂತೂ 1918ರಲ್ಲಿ ಕಬ್ಬಿಣದ ಕಾರ್ಖಾನೆ ಹುಟ್ಟಿಕೊಂಡ ಮೇಲೆ ಊರೂರುಗಳಿಂದ ಬಂದವರು ನೆಲಸಿ ಬೆಳೆಸಿದ ಊರು. ಒಂದೇ ಸಾಲಿನ ಮನೆಗಳಲ್ಲಿ ದೀಪಾವಳಿಯ ಗೂಡುದೀಪ ಇಳಿಯುವಷ್ಟರಲ್ಲಿ ಪಕ್ಕದ ಮನೆಯ ನಕ್ಷತ್ರ ಏರುತ್ತದೆ. ಎಷ್ಟೋ ವೇಳೆ ಎರಡರೊಳಗೂ ಉರಿಯುವುದು ಅದೇ ಹೋಲ್ಡರು, ಅದೇ ವೈರು!

ಈ ವರ್ಷ ನೀವೂ ದೀಪದ ಮಾಲೆ ಕೊಳ್ಳುವ ಯೋಚನೆಯಲ್ಲಿದ್ದರೆ, ಪೇಟೆಗೆ ಹೊರಡುವ ಮೊದಲು ಐದು ನಿಮಿಷ ನನ್ನ ಮಾತು ಕೇಳಿ.

ಕ್ರಿಸ್ಮಸ್ ಮರಕ್ಕೆ ಮೊದಲು ಕಟ್ಟುತ್ತಿದ್ದುದು ಮೇಣದ ಬತ್ತಿಗಳನ್ನು. 1882ರಲ್ಲಿ ನ್ಯೂಯಾರ್ಕಿನಲ್ಲಿ, ಎಡಿಸನ್ನರ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್ ತಮ್ಮ ಮನೆಯ ಮರಕ್ಕೆ ಕೆಂಪು, ಬಿಳಿ, ನೀಲಿ ಬಣ್ಣದ 80 ವಿದ್ಯುದ್ದೀಪಗಳನ್ನು ಕಟ್ಟಿಸಿದರು. ಅಲ್ಲಿಂದ ಬೆಳೆದು ಬಂದುದು ನಮ್ಮ ‘ಸೀರಿಯಲ್ ಸೆಟ್’. ಈ ಹೆಸರಿಗೂ ಟೀವಿಯ ಧಾರಾವಾಹಿಗೂ ನಂಟಿಲ್ಲ. ದೀಪಗಳು ಒಂದರ ಬಾಲಕ್ಕೆ ಇನ್ನೊಂದು ಎಂಬಂತೆ ಸರಣಿಯಲ್ಲಿ ಸೇರಿರುವುದರಿಂದ ಆ ಹೆಸರು. ಮನೆಯ 230 ವೋಲ್ಟನ್ನು 50 ದೀಪಗಳು ಹಂಚಿಕೊಂಡರೆ ಒಂದೊಂದರ ಪಾಲಿಗೆ ಬರುವುದು ಐದು ವೋಲ್ಟಿಗೂ ಕಡಮೆ.

ಇಲ್ಲಿಯೇ ನಾವು ಮೋಸಹೋಗುವುದು. ದೀಪ ಕಾಳಿನಷ್ಟಿದೆ, ಇದರಲ್ಲಿ ಏನು ಮಹಾ ಕರೆಂಟು ಇದ್ದೀತು ಎಂದುಕೊಳ್ಳುತ್ತೇವೆ. ಆದರೆ ಸರದಲ್ಲಿ ಎಲ್ಲಿಯಾದರೂ ವೈರು ತುಂಡಾದರೆ, ಆ ಬರಿಯ ತುದಿಯಲ್ಲಿ ಮನೆಯ ಪೂರಾ 230 ವೋಲ್ಟು ಬಂದು ನಿಂತಿರಬಹುದು. ಭದ್ರಾವತಿಯಲ್ಲಿ ನಾವಿದ್ದ ಮನೆಯ ಗೇಟು ಕಬ್ಬಿಣದ್ದು. ಒಂದು ವರ್ಷ ಅದಕ್ಕೇ ಮಾಲೆ ಸುತ್ತಿದ್ದೆ. ಗೇಟಿನ ಸಂದಿಗೆ ಸಿಕ್ಕಿ ವೈರಿನ ಮೇಲಿನ ಹೊದಿಕೆ ಹರಿದಿದ್ದುದು ಕಾಣಲಿಲ್ಲ. ಬೆಳಿಗ್ಗೆ ಇಬ್ಬನಿಯಲ್ಲಿ ತೊಯ್ದ ಗೇಟನ್ನು ನನ್ನಾಕೆ ಬರಿಗಾಲಿನಲ್ಲಿ ನಿಂತು ಮುಟ್ಟಿದಳು. ಕೈ ಕೊಡವಿಕೊಂಡು ಹಿಂದಕ್ಕೆ ಬಿದ್ದಳು, ಅಷ್ಟರಲ್ಲೇ ಪಾರಾದಳು. ಆ ಹೊತ್ತಿಗೆ ಹಾಲಿನ ಹುಡುಗ ಬರುವುದಿತ್ತು. ಅಂದಿನಿಂದ ಕಬ್ಬಿಣದ ಗೇಟು, ಕಿಟಕಿಯ ಸರಳು, ಬಟ್ಟೆ ಒಣಹಾಕುವ ತಂತಿ ಇವಕ್ಕೆ ನಮ್ಮ ಮನೆಯಲ್ಲಿ ದೀಪ ಕಟ್ಟುವುದಿಲ್ಲ.

ಫ್ಯೂಸ್ ಇದೆಯಲ್ಲ ಎನ್ನುವಿರಾ? 5 ಆಂಪಿಯರಿನ ಫ್ಯೂಸೆಂದರೆ 5,000 ಮಿಲಿಆಂಪಿಯರ್. ಮನುಷ್ಯನ ಪ್ರಾಣಕ್ಕೆ ಕುತ್ತು ತರಲು ಕೆಲವು ಹತ್ತು ಮಿಲಿಆಂಪಿಯರ್ ಸಾಕು. ಫ್ಯೂಸ್ ಕಾಯುವುದು ವೈರನ್ನು, ನಿಮ್ಮನ್ನಲ್ಲ. ನಿಮ್ಮನ್ನು ಕಾಯುವುದಕ್ಕೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಎಂಬ ಸಾಧನವಿದೆ. ಹಳೆಯ ಮನೆಗಳವರು ಈ ವರ್ಷ ದೀಪ ಎರಡು ಸರ ಕಡಮೆಯಾದರೂ ಚಿಂತೆಯಿಲ್ಲ, ಮೊದಲು ಇದನ್ನು ಹಾಕಿಸಿಕೊಳ್ಳುವುದು ಮೇಲು.

ಇನ್ನು ಕೊಳ್ಳುವ ಮಾತು. ಹಳೆಯ ತಂತಿದೀಪದ ಸರವೇ, ಎಲ್‌ಇಡಿಯೇ? ಕರೆಂಟು ಉಳಿಯುತ್ತದೆಂದು ಅಂಗಡಿಯವರು ಹೇಳುತ್ತಾರೆ. ಲೆಕ್ಕ ಹಾಕಿ ನೋಡಿ: 40 ವಾಟಿನ ಹಳೆಯ ಸರವನ್ನು ದಿನಕ್ಕೆ ಆರು ಗಂಟೆಯಂತೆ ಹತ್ತು ದಿನ ಉರಿಸಿದರೆ ಎರಡೂವರೆ ಯೂನಿಟ್ಟು ಕೂಡ ಆಗದು. 5 ವಾಟಿನ ಎಲ್‌ಇಡಿ ಸರಕ್ಕೆ ಯೂನಿಟ್ಟಿನ ಮೂರನೆಯ ಒಂದು ಪಾಲೂ ಬೇಡ. ಉಳಿತಾಯ ನಿಜ, ಆದರೆ ದೊಡ್ಡದಲ್ಲ. ದೊಡ್ಡದು ಬಿಸಿಯ ವಿಚಾರ. ಹಳೆಯ ದೀಪದಲ್ಲಿ ತಂತಿ ಕಾದು ಬೆಳಕು ಕೊಡಬೇಕು. ಎಲ್‌ಇಡಿಯಲ್ಲಿ ಕಾಯುವ ತಂತಿಯೇ ಇಲ್ಲ. ನಮ್ಮ ಗೋದಲಿಗೆ ಹಾಸುವುದು ಆಗತಾನೆ ಕೊಯ್ಲಾದ ಬತ್ತದ ಒಣಹುಲ್ಲು, ಹಿಮವೆಂದು ಹರಡುವುದು ಹತ್ತಿ, ನಕ್ಷತ್ರವೋ ಬಣ್ಣದ ಕಾಗದ. ಇವುಗಳ ಮಗ್ಗುಲಲ್ಲಿ ಕಾಯುವ ದೀಪ ಬೇಡವೇ ಬೇಡ. ನಕ್ಷತ್ರದೊಳಕ್ಕೆ 60 ವಾಟಿನ ಬಲ್ಬಿನ ಬದಲು 3 ಅಥವಾ 5 ವಾಟಿನ ಎಲ್‌ಇಡಿ ಬಲ್ಬು ಧಾರಾಳವಾಯಿತು.

ಎಲ್‌ಇಡಿಯೆಂದ ಮಾತ್ರಕ್ಕೆ ಷಾಕ್ ಹೊಡೆಯದು ಎಂದಲ್ಲ. ಅಗ್ಗದ ಸರಗಳು ನೇರ 230 ವೋಲ್ಟಿಗೇ ಸೇರುತ್ತವೆ. ಅಡಾಪ್ಟರಿನ ಮೂಲಕ ವೋಲ್ಟೇಜನ್ನು ಇಳಿಸಿಕೊಳ್ಳುವ ಸರವಿದ್ದರೆ ಅದನ್ನೇ ಕೇಳಿ ಕೊಳ್ಳಿ. ಮಕ್ಕಳಿರುವ ಮನೆಗೆ ಅದೇ ಸರಿ. ಪೆಟ್ಟಿಗೆಯ ಮೇಲೆ ಬಿಐಎಸ್ ಗುರುತು ನೋಡಿ. ವೈರನ್ನು ಬೆರಳಲ್ಲಿ ಬಾಗಿಸಿ, ಕೂದಲಿನಂತಿದ್ದರೆ ಹಿಂದಕ್ಕೆ ಕೊಟ್ಟುಬಿಡಿ. ಅಂಗಡಿಯಲ್ಲೇ ಹತ್ತು ನಿಮಿಷ ಉರಿಸಿ ನೋಡಿದರೆ ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ. ಜಗಲಿಯ ಹೊರಗೆ ಕಟ್ಟುವುದಾದರೆ ಹೊರಗಿಗೆಂದೇ ಮಾಡಿದ್ದನ್ನು ತನ್ನಿ, ನಮ್ಮ ಮಲೆನಾಡಿನ ಇಬ್ಬನಿ ಸಣ್ಣ ಮಳೆಯೇ ಸರಿ. ಪ್ಲಗ್ಗಿಲ್ಲದ ವೈರಿನ ತುದಿಗಳನ್ನು ಬೆಂಕಿಕಡ್ಡಿಯಿಂದ ತೂತಿಗೆ ತುರುಕುವ ಕಲೆಯನ್ನು ದಯವಿಟ್ಟು ಮಕ್ಕಳಿಗೆ ಕಲಿಸಬೇಡಿ.

ಬಣ್ಣ ನಿಮ್ಮ ಇಷ್ಟ. ನನಗೆ ಕೇಳಿದರೆ, ಸುಣ್ಣದ ಗೋಡೆಗೆ ಹಳದಿ ಬೆರೆತ ಬಿಳಿಯೇ ಒಪ್ಪುವುದು. ಪೆಟ್ಟಿಗೆಯ ಮೇಲೆ 2,700 ಅಥವಾ 3,000 ಕೆ ಎಂದಿರುತ್ತದೆ. ಕಣ್ಣು ಚುಚ್ಚುವ ನೀಲಿಬಿಳಿ 6,000ದ ಆಸುಪಾಸಿನದು, ಆಸ್ಪತ್ರೆಯ ನೆನಪು ತರುತ್ತದೆ. ಮಿಣಮಿಣ ಎನ್ನುವುದು ಒಂದು ಸರವಿದ್ದರೆ ಚೆಂದ. ನಾಲ್ಕೂ ಮಿಣುಕಿದರೆ ಮನೆಗೆ ಬಂದ ಅಜ್ಜನಿಗೆ ತಲೆನೋವು.

ಇಪ್ಪತ್ತನಾಲ್ಕರ ರಾತ್ರಿ ಮನೆಯವರೆಲ್ಲ ಬಾಗಿಲಿಗೆ ಬೀಗ ಹಾಕಿ ನಡುರಾತ್ರಿಯ ಪೂಜೆಗೆ ಹೊರಡುವಾಗ ಗೋದಲಿಯ ಸರದ ಪ್ಲಗ್ಗನ್ನು ಸ್ವಿಚ್ಚು ಆರಿಸಿದ ಮೇಲೂ ಕಿತ್ತಿಡಿ. ತಿರುಗಿ ಬಂದು, ಕೇಕು ಕತ್ತರಿಸುವ ಹೊತ್ತಿಗೆ ಮತ್ತೆ ಹಚ್ಚಿಕೊಂಡರಾಯಿತು.